ನಾಲ್ಕನೇ ಸೀಟಿನ ಮ್ಯಾಲಿನ ದಸ್ತಿ

ಏ, ಸುಮ್ನ ಕೂಡ್ರಿ, ಮುದುಕಗ ನೆನಪಿಲ್ಲ ಅನ್ನಾವ್ರು ಮೊದಲ ನಿನ್ನಿ ಮಧ್ಯಾಹ್ನ ಏನ್ ಉಂಡ್ರಿ ಅದನ್ನರ ಹೇಳ್ರಿ, ವಾಟ್ಸಾಪ್ ಗ್ರೂಪಿನ್ಯಾಗ ಹಲ್ಲ ಕಿಸಿಯೂ ಗೊಂಬಿ ಹಾಕಿದ್ರ ನಾ ಹೆದರೂದಿಲ್ಲ, ನಮ್ಮ ಲೋಕಲ್ ಗಾಡಿ ಗೆಳೆಯ ಭುಜಂಗನ ತಲ್ಯಾಗ ಏನ್ ಓಡ್ತು ಅದು ನಿನಗ ಹೆಂಗ ಗೊತ್ತೋ ರಾಯಪ್ಪ ಅಂತೀರಿ, ಡೊಂಬಿವಲಿಯಿಂದ ಠಾಣೆತನಕ ನನ್ನ ತೊಡಿಗೆ ತೊಡಿ ಹಚ್ಚಿ ಕುಂತು ಮೂರು ಸರ್ತೆ ಹೇಳ್ಯಾನ, ಒಂದಕ್ಷರ ಆಚೀಚೆ ಆಗಿಲ್ಲ, ಕೇಳ್ರಿ.

ಮನಿ ಮುಂದಿನ ಬಸ್‌ಸ್ಟಾಪಿನ್ಯಾಗ ಯಾರೋ ಹಣಿ ಒರಸ್ಕೊಂಡ್ರು — ಭುಜಂಗನ ಕೈ ತಾನಾಗೇ ಕಿಸೆಕ್ಕ ಹೋತು, ಇಲ್ಲ, ಇವತ್ತೂ ಇಲ್ಲ, ನೀಲಿ ದಸ್ತಿ, ಅಂಚಿಗೆ ಹೆಂಡತಿ ಸೌಭಾಗ್ಯ ಕೆಂಪು ದಾರ ಹಾಕಿ ಹೊಲಿದದ್ದು, ಎಲ್ಲಿ ಬಿತ್ತೋ, ಹೊಸಾ ನೌಕರಿ ಸೇರಿದಾಗಿಂದ ಬೆವರು ಒರಸ್ಕೊಳ್ಳಾಕ ಒಂದು ಅರಿವಿ ಇಲ್ಲ, ಆದ್ರ ಬೆವರಾರ ಎಲ್ಲಿ ಬರತೈತಿ, ತುರ್ಭೆ ಆಫೀಸಿನ ಬಸ್ಸು ಏಸಿ, ಮನಿ ಮುಂದ ಬರತೈತಿ, ಬಾಗಿಲಾ ತನ್ನಷ್ಟಕ್ಕ ಉಸ್ಸಂತ ತೆರಿತೈತಿ, ಒಬ್ಬರಿಗೆ ಒಂದು ಪೂರಾ ಸೀಟು, ಎರಡೂ ಕುಂಡಿ ಆರಾಮ ಕೂಡ್ತಾವ, ಅಷ್ಟ ಸುಖದಾಗ ಸುಡುಗಾಡು ನಿದ್ದೀನ ಬರವಲ್ದು — ಹತ್ತೊಂಬತ್ತ ವರ್ಷ ಏಳು ಐವತ್ತೆಂಟರ ಮುಂಬೈ ಲೋಕಲ್ ಗಾಡ್ಯಾಗ ನಾಲ್ಕನೇ ಸೀಟು, ಮೂರು ಮಂದಿ ಕೂಡೂ ಹಲಗಿಗೆ ನಾಲ್ಕು ಮಂದಿ, ಸರಕಾ ಜರಾ, ಅಂದ್ರ ಮೂವರೂ ಸರೀತಾರ, ನಾಲ್ಕು ಬೆರಳ ಜಾಗಾ ಸಿಗತೈತಿ, ಅರ್ಧ ಮೈ ಹಲಗಿ ಮ್ಯಾಲ, ಅರ್ಧ ಗಾಳ್ಯಾಗ, ಅಲ್ಲಿ ಕುಂತ್ರ ಎಂಥಾ ಗೊರಕಿ! ಹತ್ತೂ ಮೊದಲ ಯಾರರ ಕಿಡಕಿಯಿಂದ ಒಳಗ ದಸ್ತಿ ಒಗದ್ರ ಆತು, ಸೀಟು ಅಂವಂದು, ಅದನ್ನ ಯಾವ ಗಂಡಸೂ ಎತ್ತಂಗಿಲ್ಲ, ಹಂಗ ನಡಕೊಂಡ ಬಂದೈತಿ — ಗಾಡ್ಯಾಗ ಬೀಳ್ಕೊಡೂ ದಿವಸ ಏನ ಗದ್ದಲ, ರಾಯಪ್ಪ ಶಾಲು ಹೊಚ್ಚಿದ, ಒಂದ ಕೈಯಾಗ ಟೆಂಗಿನಕಾಯಿ, ಒಂದ ಕೈಯಾಗ ಪೇಢೆ, ಬಾಯಾಗೂ ಪೇಢೆ, ಸಾಹೇಬ ಆದಿ ಮಗನ, ನಮ್ಮನ್ನ ಮರೀಬ್ಯಾಡ, ಅಂದ್ರು, ಅಷ್ಟ ಶಾಲು ಹೊಚ್ಚಿಸಿಕೊಂಡು ಆರು ದಿನಕ್ಕ ತಿರುಗಿ ಹೋದ್ರ ಮಾರಿ ಹೆಂಗ ತೋರ್ಸೂದು, ಶಾಲು ತಿರುಗಿ ಕೊಡಬೇಕಾ, ಟೆಂಗಿನಕಾಯಿ ಅಂತೂ ಚಟ್ನಿ ಆಗಿ ಹೋತು.

ಆರು ದಿನ. ಮೊದಲನೇ ದಿನ ಮ್ಯಾನೇಜರ್ ಅನೀಶ, ಮಗನ ವಯಸ್ಸಿನಾಂವ, ಹಾಯ್ ಭುಜಂಗ್, ನಿಮ್ಮ ಬಗ್ಗೆ ಒಂದು ಮಜಾದ ಸಂಗತಿ ಹೇಳ್ರಿ, ಅಂದ, ಎಲ್ಲಾರೂ ನೋಡಾಕ ಹತ್ಯಾರ, ಹತ್ತೊಂಬತ್ತ ವರ್ಷ ನಾಲ್ಕನೇ ಸೀಟಿನ ಮ್ಯಾಲ ಮಲ್ಕೊಂಡೀನಿ, ಒಂದ ಸಲಾನೂ ಬಿದ್ದಿಲ್ಲ, ಅಂದ ಭುಜಂಗ, ಯಾರೂ ನಗಲಿಲ್ಲ, ಕಂಪ್ಯೂಟರಿನ ಕಡೆ ತಿರುಗಿದ್ರು. ಎರಡನೇ ದಿನ ಡಬ್ಬಿ — ಅಯ್ಯ, ಹಳೇ ನೌಕರಿ, ಮಸ್ಜಿದ್ ಬಂದರದ ಕಾಗದದ ಪೇಢಿ, ಆ ಅಂಗಡಿಯೊಳಗ ತನ್ನ ಡಬ್ಬಿ ತಾನ ಉಂಡಾಂವ ಯಾವ, ಇಲ್ಲಿ ಬಾಜೂ ಖುರ್ಚಿಯೊಳಗ ಅನೀಶ ಡಬ್ಬಿ ತೆಗದ, ಮಾವಿನ ಉಪ್ಪಿನಕಾಯಿ ಘಮ್ಮಂತು, ಮಾತಾಡ್ಕೋತನ ಭುಜಂಗ ಕೈ ಹಾಕಿದ, ಹೋಳು ಬಾಯಾಗ ಹೋತು, ಆಮ್ಯಾಲ ನೋಡ್ತಾನ, ಹುಡುಗ ಡಬ್ಬ್ಯಾಗ ಹಲ್ಲಿ ಬಿದ್ದಂಗ ನೋಡಾಕ ಹತ್ತಿದ್ದ, ಸಂಜಿಕೆ ಎಚ್‌ಆರ್ ಪೂನಂ ಕರದು, ಸರ್, ಯಹಾಂ ಸಬ್ ಅಪನಾ ಅಪನಾ ಖಾತೇ ಹೈಂ, ಇಲ್ಲಿ ತಂತಮ್ಮದು ತಾವ ಉಣ್ಣೂದು ಅಂತ ಮೆತ್ತಗ ಹೇಳಿದ್ಳು. ಉಪ್ಪಿನಕಾಯಿ ಮಾತ್ರ ಛಲೋ ಇತ್ತು.

ಈ ನೌಕರಿ ಬಿಡೂದು ಹೆಂಗ? ಮಣಕಾಲ ನೋವು ಅಂದ್ರ ಬಸ್ಸು ಮನೀಗೇ ಬರತೈತಿ. ಸಿಂದಗ್ಯಾಗಿನ ಶಂಕ್ರೆಪ್ಪ ಕಾಕಾ ಸತ್ತ ಅನ್ನೂಣು — ಇಲ್ಲ, ಆ ಕಾಕಾನ್ನ ರಜಾದ ಸಲುವಾಗಿ ಎರಡ ಸರ್ತೆ ಸಾಯಿಸಿದ್ದಾತು, ಪಾಪ, ಅಂವ ಇನ್ನೂ ಕಬ್ಬ ಸಿಗದ ತಿಂತಾನ. ಬಸವಕುಮಾರ, ಸೌಭಾಗ್ಯನ ತಮ್ಮ, ತನ್ನ ಹೆಸರ ಮ್ಯಾಲ ಹಚ್ಚಿದ ನೌಕರಿ, ಅಂವಗ ಏನ ಹೇಳೂದು, ಮುಂಜಾನಿ ಸೌಭಾಗ್ಯ ಡಬ್ಬಿ ಕಟಗೋತ ಅಂದ್ಳಲ್ಲ, ಆರು ದಿನ ಆತು ನೀವು ಜಳಕದಾಗ ಹಾಡಿಲ್ಲ, ಕೆಳಗಿನ ಮನಿಯಾವ್ರು ಅಣ್ಣಾಗ ಆರಾಮ ಇಲ್ಲೇನು ಅಂತ ಕೇಳಿದ್ರು, ಬಿಡೂದಿದ್ರ ಬಿಡ್ರಿ, ನನ್ನ ತಮ್ಮಗ ಮಾತ್ರ ನೀವ ಹೇಳ್ರಿ. ಹಳೇ ಪೇಢಿ ಶೇಠ ಶುಕ್ರವಾರ ಫೋನಿನ್ಯಾಗ ಅಂದಾನ, ಭುಜಂಗ್‌ಭಾಯ್, ಸೋಮವಾರ ಹತ್ತರ ತನಕ ನಿಮ್ಮ ಖುರ್ಚಿ ನಿಮಗ, ಹತ್ತಾದ ಮ್ಯಾಲ ಹೊಸಾ ಮನಶಾ ಬರ್ತಾನ — ಇವತ್ತ ಸೋಮವಾರ, ಏಳು ನಲ್ವತ್ತು, ಉಸ್ಸ್, ಬಾಗಿಲಾ ತೆರೀತು.

ತಣ್ಣನ ಗಾಳಿ ಮಾರಿಗೆ ಬಡೀತು, ಒಂದ ಕಾಲು ಮೆಟ್ಟಲ ಮ್ಯಾಲ, ಮೊದಲನೇ ಸೀಟಿನ್ಯಾಗ ಪೂನಂ, ಆಯಿಯೇ ಸರ್, ಕಿಸೆಕ್ಕ ಕೈ ಹೋತು, ದಸ್ತಿ ಇಲ್ಲ, ಬಾಯಿ ತಾನಾಗೇ ತೆರೀತು, ಮೇಡಂ ನಾ ಬರೂದಿಲ್ಲ. ಆಜ್? ಇವತ್ತಲ್ಲ, ಎಂದೂ. ಕ್ಯೂಂ ಸರ್? ಅಲ್ಲಿ ಯಾರೂ ಯಾರಿಗೂ ಜರಾ ಸರಕೋರಿ ಅನ್ನೂದಿಲ್ಲ ಮೇಡಂ, ಎಲ್ಲಾರಿಗೂ ಜಾಗಾ ಭಾಳ ಐತಿ. ಬೈತಾಳ ಅಂದ್ಕೊಂಡ, ಹುಡುಗಿ ಕಿಸಕ್ಕನ ನಕ್ಕಳು, ಅಕಿನೂ ನಮ್ಮ ಕಡೆಯಾಕಿನ, ಮಾತ ತಿಳಿತೈತಿ, ಬಾಯಿ ಮಾತ್ರ ಹಿಂದಿ, ಕಾಕಾ, ಆಪ್ ಪ್ರೊಬೇಶನ್ ಮೇಂ ಹೈಂ, ಏಕ್ ಲೈನ್ ಕಾ ಮೇಲ್ ಡಾಲ್ ದೋ, ಬಸ್, ಅಂದ್ಳು, ನೌಕರಿ ಇನ್ನೂ ಕಾಯಂ ಆಗಿಲ್ಲ, ಒಂದ ಸಾಲು ಮೇಲ್ ಬರದ್ರ ಬಿಡುಗಡಿ. ಒಂದ ಲೈನು! ಆರು ದಿನ ನೆವಾ ಹುಡುಕಿದ್ದು ಒಂದ ಲೈನಿಗೇನು? ಕೊಳ್ಳಾಗಿನ ಕಾರ್ಡ್ ಬಿಚ್ಚಿ ಅಕಿ ಕೈಯಾಗ ಇಟ್ಟ, ದಾವಣಿ ಬಿಚ್ಚಿದ ಕರುವಿನಂಗ ಓಡಿದ, ರಿಕ್ಷಾ, ಭಾಜಿಗಾಡಿ, ಹೂವಿನ ಬುಟ್ಟಿ ದಾಟಿ, ಬ್ರಿಜ್ಜ ಏರಿ, ಏದುಸಿರು ಬಿಡಗೋತ ಫೋನು — ಬಸವಾ, ಬಿಟ್ಟೆ. ಆ ಕಡೆಯಿಂದ ಅಂವ, ಮಾಮಾ, ನೀ ಉಪ್ಪಿನಕಾಯಿ ತಿಂದ ದಿವಸನ ನನಗ ಸುದ್ದಿ ಬಂತು, ಅವತ್ತಿಂದ ನಿನ್ನ ಫೋನಿನ ಹಾದೀನ ಕಾಯಾಕ ಹತ್ತೀನಿ, ಅಕ್ಕಗ ಹೇಳು, ಐತವಾರ ಊಟಕ್ಕ ಬರ್ತೀನಿ, ನನ್ನ ಡಬ್ಬಿ ಮಾತ್ರ ಮುಟ್ಟಬ್ಯಾಡ. ಭುಜಂಗ ಬ್ರಿಜ್ಜಿನ ಮ್ಯಾಲ ಒಬ್ಬಾಂವ ನಗಾಕ ಹತ್ಯಾನ, ಮಂದಿ ಅಂವನ್ನ ದಾಟಿ ಹೊಂಟಾರ, ಕೆಳಗ ಗಾಡಿ ನಿಂತೈತಿ, ಮೆಟ್ಟಲಾ ಇಳಿ ಇಳಿ ಇಳಿ, ಅದಽ ಗಾಡಿ ಡಬ್ಬಿ, ಅದಽ ಬಾಗಿಲಾ, ಒಳಗ ದಪ್ಪನಾಂವ ಒಬ್ಬ ನಾಲ್ಕನೇ ಸೀಟಿನ ಮುಂದ ನಿಂತು ಜಗಳಾ ತೆಗದಾನ, ಎಂಟು ದಿನದಿಂದ ನೋಡ್ತೀನಿ, ಯಹಾಂ ಕೋಯಿ ಬೈಠತಾ ಹೀ ನಹೀಂ, ಯಾರೂ ಕೂಡೂದ ಇಲ್ಲಲ್ಲ, ಅಂತ, ಮೂವರೂ ಕೂಡೇ ಒದರತಾರ, ಆದ್ಮಿ ಹೈ ಇಧರ್, ಆದ್ಮಿ ಹೈ — ಯಾವ ಮನಶಾ ಅದಾನ ಇಲ್ಲಿ, ಯಾರಿಗೆ ಇಟ್ಟಾರ — ಬಗ್ಗಿ ನೋಡಿದ, ಶಾಲು ಹೊಚ್ಚಿಸ್ಕೊಂಡ ಗದ್ದಲದಾಗ ತಾನು ಎತ್ತಿಕೊಳ್ಳೂದು ಮರತು ಇಳಿದದ್ದು, ದಿನಾ ಯಾರೋ ಕಿಸೆದಾಗಿಂದ ತೆಗದು ಅಲ್ಲೇ ಒಗದಾರ, ಯಾರು ಅಂತ ನಾ ಹೇಳೂದಿಲ್ಲ, ನಾಲ್ಕ ಬೆರಳ ಹಲಗಿ, ಅದರ ಮ್ಯಾಲ ನೀಲಿ ದಸ್ತಿ, ಕೆಂಪು ಅಂಚು, ನೀಲಿ ದಸ್ತಿ —

ಮುಂದ ಕಳಸ್ರಿ ಇದನ್ನ, ಹೊಸಾ ನೌಕರಿ ಹಿಡದು ಜಳಕದಾಗ ಹಾಡೂದು ಬಿಟ್ಟಾಂವ ಯಾರರ ಇದ್ರ ಮೊದಲ ಅಂವಗ.