ಎರಡನೆಯ ಬಕೆಟ್

ಗಿಳಿಗಳು ಗೂಡು ಬಿಡುವ ಮುನ್ನ ತಮ್ಮ ಹಸಿರು ಸರಿಯಾಗಿದೆಯೇ ಎಂದು ಈ ಪೇಂಟರನ್ನು ಕೇಳಿಕೊಂಡೇ ಹಾರುತ್ತಿದ್ದವು. ಸುಳ್ಳಲ್ಲ, ಬೇಕಾದರೆ ಗಿಳಿಗಳನ್ನೇ ಕೇಳಿ. ಹಸಿರಿನಲ್ಲಿ ಒಂಬೈನೂರು ಬಗೆಯಿದೆ, ಅಷ್ಟನ್ನೂ ಕಣ್ಣು ಮುಚ್ಚಿಕೊಂಡೇ ಕಲೆಸಬಲ್ಲೆ ಎಂದು ಅವನು ಹೇಳದ ದಿನವಿಲ್ಲ. ಒಮ್ಮೆ ಆಸ್ಪತ್ರೆಯ ಗೋಡೆಗೆ ಅವನು ಬಳಿದ ಹಸಿರು ನೋಡಿ ಅರ್ಧ ವಾರ್ಡು ಗುಣವಾಗಿ ಎದ್ದು ಮನೆಗೆ ಹೋಯಿತಂತೆ. ಉಳಿದರ್ಧ, ಆ ಗೋಡೆ ಬಿಟ್ಟು ಹೋಗಲೊಲ್ಲೆವೆಂದು ಹಟ ಹಿಡಿದು ಅಲ್ಲೇ ಮಲಗಿತಂತೆ.

ಇಂಥ ಮಹಾಶಯನ ಸ್ವಂತ ಅಡುಗೆಮನೆ ಮಾತ್ರ ಅವನ ಮದುವೆಯಾದಾಗಿನಿಂದ ಕುಂಚದ ಮುಖ ಕಂಡಿರಲಿಲ್ಲ. ಗೋಡೆಗೆ ಒರಗಿದರೆ ಬೆನ್ನು ಅಂಟಿಕೊಳ್ಳುವಷ್ಟು ಜಿಡ್ಡು. ಹೆಂಡತಿ ಬೇಡಿ, ಬೈದು, ಕೊನೆಗೆ ಮಾತು ಬಿಟ್ಟ ಮೇಲೆ ಈ ಭಾನುವಾರಕ್ಕೆ ಯೋಗ ಕೂಡಿ ಬಂದಿತ್ತು. ಜೊತೆಗೆಲಸದವನು ಹಿಂದಿನ ಸಂಜೆಯೇ ಬಂದು ಒಂದು ಬಕೆಟ್ ಬಣ್ಣ ಕಲೆಸಿಟ್ಟು ಹೋಗಿದ್ದ. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಬೇಕಾದ ಅವನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು; ಪೇಂಟರನ ಮಗಳಿಗೆ ಅವನು ಏಣಿ ಮಾಮ.

ಮೊದಲ ಗೋಡೆ ಅರ್ಧ ಮುಗಿದಿತ್ತು. ಫೋನ್ ಬಂತು. ಏಣಿಯ ಭಾಮೈದ.

"ಅಣ್ಣಾ, ಬೆಳಿಗ್ಗೆ ಲಾರಿ ಗುದ್ದಿಬಿಡ್ತು. ಭಾವ ಅಲ್ಲೇ ಹೋಗ್ಬಿಟ್ರು. ಸಂಜೆ ಮನೆಗೆ ತರ್ತಾರಂತೆ. ಆಗ ಬನ್ನಿ."

ಪೇಂಟರ್ ಫೋನನ್ನು ಜೇಬಿಗಿಳಿಸಲು ಹೋಗಿ ಕುಂಚವನ್ನು ಇಳಿಸಿದ.

"ಯಾರ್ರೀ ಅದು?" ಪಾತ್ರೆಗಳ ಗುಡ್ಡವನ್ನೇ ಎದೆಗವಚಿಕೊಂಡು ನಡುಮನೆಗೆ ಸಾಗಿಸುತ್ತಿದ್ದ ಹೆಂಡತಿ ನಗುತ್ತಾ ಕೇಳಿದಳು. ಆ ನಗು ಅವನಿಗೆ ಮರೆತೇ ಹೋಗಿತ್ತು.

"ಅರಮನೆಯವ್ರು ಕಣೇ. ಸಾವಿರ ಕೋಣೆಯಂತೆ. ಇವತ್ತೇ ಬನ್ನಿ ಅಂತ ಕಾಲಿಗೆ ಬೀಳ್ತಿದ್ರು. ನಮ್ಮನೆ ಅಡುಗೆಮನೆ ಮುಗೀಲಿ, ಆಮೇಲೆ ನೋಡೋಣ ಅಂದೆ."

"ಅಬ್ಬಾ, ನನ್ನ ಪುಣ್ಯ!"

ನಾಲಿಗೆ ತನ್ನ ಪಾಡಿಗೆ ತಾನು ಆಡಿ ಮುಗಿಸಿತ್ತು. ಈಗ ಹೇಳೋಣ ಎಂದು ಅವನು ಅವಳ ಹಿಂದೆಯೇ ನಡುಮನೆಗೆ ಹೋದ. ಅಲ್ಲಿ ಮಗಳಿಗೂ ಅವನ ತಾಯಿಗೂ ಮಹಾಯುದ್ಧ ನಡೆದಿತ್ತು.

"ಅಜ್ಜಿ, ಉಪ್ಪಿನ ಡಬ್ಬಿ ಇನ್ಮೇಲೆ ಎಡಗಡೆ. ಬಲಗಡೆ ಇಟ್ರೆ ಸಕ್ಕರೆ ಅಂತ ಟೀಗೆ ಹಾಕ್ತೀಯ!"

"ಒಂದ್ಸಲ ಹಾಕಿದ್ದಕ್ಕೆ ಎಷ್ಟು ವರ್ಷ ಆಡ್ಕೋತೀಯೇ? ನಾನು ಸತ್ತ ಮೇಲೆ ತಲೆ ಮೇಲೆ ಇಟ್ಕೊ, ಹೋಗು!"

ಬೇರೆ ದಿನವಾಗಿದ್ದರೆ ಅವನ ಗುಡುಗಿಗೆ ಮೂರು ಬೀದಿಯಾಚೆ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಇವತ್ತು ಬಾಗಿಲಿಗೊರಗಿ ಇಬ್ಬರನ್ನೂ ನೋಡಿದ. ಅಲ್ಲೊಬ್ಬ ಹೋಗಿಯೇಬಿಟ್ಟಿದ್ದಾನೆ, ಇಲ್ಲಿ ಇವರಿಗೆ ಉಪ್ಪಿನ ಚಿಂತೆ. ಬೈಯಬೇಕೆನಿಸಿತು. ಮರುಕ್ಷಣ ಏಣಿಯ ಮನೆ ಕಣ್ಣಿಗೆ ಕಟ್ಟಿತು. ಅಲ್ಲಿಯೂ ಬೆಳಿಗ್ಗೆ ಟವೆಲ್ಲಿಗೋ ಚಪ್ಪಲಿಗೋ ಇಂಥದೇ ಕಚ್ಚಾಟ ನಡೆದಿರಬೇಕು. ಈಗ ಆ ಕಚ್ಚಾಟವೊಂದು ವಾಪಸು ಸಿಗುವುದಾದರೆ ಅವರು ಏನು ಕೊಡಲಿಕ್ಕಿಲ್ಲ? ಹಾಗಾದರೆ ಇದು ಸಣ್ಣದೋ ದೊಡ್ಡದೋ? ಹೇಳಿದರೆ ಈ ಜಗಳ ಇಲ್ಲಿಗೇ ಸಾಯುತ್ತದೆ. ಹೇಳದಿದ್ದರೆ ತಾನೆಂಥ ಮನುಷ್ಯ? ಒಂದೂ ಬಗೆಹರಿಯಲಿಲ್ಲ. ಗೋಡೆ ಮುಗಿಯಲಿ ಎಂದುಕೊಂಡು ಅಡುಗೆಮನೆಗೆ ಬಂದು ಬಾಗಿಲೆಳೆದುಕೊಂಡ.

ಮೊದಲ ಗೋಡೆಗೇ ಬಕೆಟ್ ಬರಿದಾಯಿತು. ಎರಡನೆಯದನ್ನು ಅವನೇ ಕಲೆಸಬೇಕಿತ್ತು. ಬಿಳಿಗೆ ಬೆರೆಸುವ ಬಣ್ಣದ ಸೀಸೆಗಳ ಮೇಲಿನ ಚೀಟಿಗಳೆಲ್ಲ ಮೆತ್ತಿಕೊಂಡು ಕಪ್ಪಾಗಿದ್ದವು. ಒಂದನ್ನೆತ್ತಿ ಬಿಳಿಗೆ ಸುರಿದ, ಕಡೆದ, ಕುಂಚ ಅದ್ದಿ ಮೊದಲ ಗೋಡೆಯ ಪಕ್ಕ ಹಿಡಿದು ನೋಡಿದ. ಹೊಂದಿದಂತಿತ್ತು. ದೆವ್ವ ಹೊಕ್ಕವನಂತೆ ಬಳಿದ.

ಟೀ ಹಿಡಿದು ಬಂದ ಮಗಳು ಬಾಗಿಲಲ್ಲೇ ನಿಂತಳು. "ಅಪ್ಪಾ, ಇದೇನಿದು?"

ಹಿಂದಿನಿಂದ ಅಜ್ಜಿ ಇಣುಕಿತು. "ಅಯ್ಯೋ, ಆ ಗೋಡೆ ಹಸಿರು, ಈ ಗೋಡೆ ಸಗಣಿ!"

"ಅಮ್ಮಾ, ಇದು ಹೊಸ ಫ್ಯಾಷನ್ನು. ಅರಮನೇಲೂ ಇದೇ ಬೇಕಂತೆ."

ಹೆಂಡತಿ ಮೊದಲು ನಕ್ಕಳು, ಆಮೇಲೆ ಉರಿದಳು. "ಒಂಬೈನೂರು ಹಸಿರು ಬಲ್ಲೋರು! ನಮ್ಮ ಪಾಲಿಗೆ ಒಂದು ಉಳೀಲಿಲ್ವಾ? ಏಣಿ ಅಣ್ಣಂಗೆ ಫೋನ್ ಮಾಡಿ, ಅವ್ರೇ ಬಂದು ಸರಿ ಮಾಡ್ಲಿ."

"ನಾನ್ ಮಾಡ್ತೀನಿ," ಎಂದು ಮಗಳು ಆಗಲೇ ಫೋನ್ ತೆಗೆದಿದ್ದಳು. ಅವನು ಅವಳ ಕೈ ಹಿಡಿದ.

"ಬೇಡ."

"ಯಾಕಪ್ಪಾ?"

ಹುಟ್ಟಿದಾಗಿನಿಂದ ಸುಳ್ಳಿಗೆ ಬರ ಕಾಣದವನು ತಡಕಾಡಿದ. ಒಂದೂ ಕೈಗೆ ಸಿಗಲಿಲ್ಲ.

"ಅವ್ನು ಎತ್ತಲ್ಲ ಮಗಳೇ. ಬೆಳಿಗ್ಗೆ ಲಾರಿ... ಹೋಗ್ಬಿಟ್ಟ. ಫೋನ್ ಮಾಡಿದ್ದು ಅರಮನೆಯವ್ರಲ್ಲ, ಅವನ ಭಾಮೈದ."

ಮಗಳು ಟೀಯನ್ನು ನೆಲದ ಮೇಲಿಟ್ಟು ಅಲ್ಲೇ ಕುಳಿತಳು. ಅಜ್ಜಿ ಬಾಯಿಗೆ ಸೆರಗು ಹಿಡಿಯಿತು.

"ಅವಾಗಿಂದ ಇದನ್ನ ಹೊಟ್ಟೇಲಿಟ್ಕೊಂಡು ಗೋಡೆ ಬಳೀತಿದ್ರಾ?" ಹೆಂಡತಿಯ ದನಿ ಇಳಿದಿತ್ತು.

"ನೀನು ನಗ್ತಾ ಇದ್ದೆ. ಇವ್ರು ಜಗಳ ಆಡ್ತಾ ಇದ್ರು. ಎಲ್ಲಿ ನಡುವೆ ಬಾಯಿ ಹಾಕ್ಬೇಕೋ ಗೊತ್ತಾಗ್ಲಿಲ್ಲ ಕಣೇ."

ಅವಳು ಅವನ ತೋಳು ಹಿಡಿದಳು. "ಅದಕ್ಕೇ ಕೈ ತಪ್ತು. ಹೋಗ್ಲಿ ಬಿಡಿ."

ಜೀವಮಾನದಲ್ಲಿ ಮೊದಲ ಸಲ ಬೇರೆಯವರು ಹೊಸೆದುಕೊಟ್ಟ ಸುಳ್ಳು. ಹೂಂ ಎಂದರೆ ಸಾಕಿತ್ತು. ಅವನು ಸ್ಟೂಲಿನ ಮೇಲೆ ಕುಸಿದ.

"ಕೈ ತಪ್ಪಲಿಲ್ಲ. ನಂಗೆ ಹಸಿರು ಕಾಣೋದೇ ಇಲ್ಲ. ಹುಟ್ಟಿದಾಗಿಂದ. ಕಲೆಸ್ತಿದ್ದೋನು ಅವ್ನು, ಬಾಯಿ ಬಡ್ಕೋತಿದ್ದೋನು ನಾನು. ಒಂದಿನಾನೂ ಅವ್ನು ಯಾರ ಹತ್ರನೂ ಇದನ್ನ ಅಂದೋನಲ್ಲ." ಎರಡೂ ಗೋಡೆಗಳನ್ನು ದಿಕ್ಕೆಟ್ಟವನಂತೆ ನೋಡಿದ. "ಯಾವುದು ಸಗಣಿ ಅಂದ್ರಿ ನೀವು? ನಂಗೆ ಈಗ್ಲೂ ಎರಡೂ ಒಂದೇ ಕಣೇ."