ಎಡಬದಿಯ ಓರೆ ಅಕ್ಷರ

೧. ಹೇಗೆ ಶುರು ಮಾಡಲಿ? "೨೦೦೧ನೇ ಇಸವಿ, ಆಗಸ್ಟ್, ಮಲ್ಪೆ ಬಂದರು" ಎಂದರೆ ಪಂಚಾಯತಿನ ವರದಿಯಾಗುತ್ತದೆ. ಫಾಂಟಿನಿಂದಲೇ ಶುರು ಮಾಡುತ್ತೇನೆ. ಮಣಿಪಾಲದ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಫಾಂಟ್ ಇತ್ತು: ಸಪೂರ, ಎತ್ತರ, ಬಲಕ್ಕೆ ಓರೆ. ಬಸ್ಸು ತಪ್ಪುತ್ತದೆಂದು ಓಡುವವನ ಹಾಗೆ. ಕಬಡ್ಡಿ ಪಂದ್ಯಾಟ, ಎಕ್ಸ್‌ಪ್ರೆಸ್ ಬಸ್ಸು, ಸೀರೆ ಸೇಲು, ಎಲ್ಲದಕ್ಕೂ ಅದನ್ನೇ ಹಾಕುತ್ತಿದ್ದೆ. (ಒಮ್ಮೆ ಉತ್ತರಕ್ರಿಯೆಯ ಕಾಗದಕ್ಕೂ ಹಾಕಿದೆ. ತೀರಿಕೊಂಡ ಅಜ್ಜ ಓಡುತ್ತಿರುವಂತೆ ಕಂಡಿತು. ಆ ಮನೆಯವರು ಈಗಲೂ ನನ್ನಲ್ಲಿ ಮಾತಾಡುವುದಿಲ್ಲ.)

೨. ಇಲ್ಲಿ ಅಕ್ಷರಗಳ ಇತಿಹಾಸ ಇತ್ತು. ನನಗೇ ಆಕಳಿಕೆ ಬಂತು, ಹೊಡೆದುಹಾಕಿದೆ.

೩. ಕಾಪುವಿನ ಧರ್ಮಪಾಲ ತನ್ನ ಮೀನಿನ ಬೋಟಿಗೆ ಹೆಸರು ಬರೆಸಲು ಬಂದ. ಕಳೆದ ವರ್ಷ ಇಂಜಿನ್ ಕೈಕೊಟ್ಟು ಎರಡು ದಿನ ಕಡಲಲ್ಲಿ ತೇಲಿದವ. ಅವನ ಹೆಂಡತಿ ಅಕ್ಕು ಆ ಎರಡೂ ದಿನ ಬಂದರು ಬಿಟ್ಟು ಕದಲಿರಲಿಲ್ಲ. ಈ ಸಲ ಬೋಟನ್ನು ಕಾಪಾಡಲಿಕ್ಕೆಂದು ತೀರಿಕೊಂಡ ತಾಯಿಯ ಹೆಸರು: 'ಶ್ರೀ ಗುಲಾಬಿಯಮ್ಮನವರ ಆಶೀರ್ವಾದ'. ಅಷ್ಟುದ್ದ ಹಿಡಿಸಬೇಕಾದರೆ ನನ್ನ ಸಪೂರ ಫಾಂಟೇ ಆಗಬೇಕು. ನಾನು ಪ್ರಿಂಟು ತೆಗೆದೆ. ಪರ್ಕಳದಲ್ಲಿ ರೂಮು ಮಾಡಿದ್ದ ಬಾಗಲಕೋಟೆಯ ಪೇಂಟರ್ ಸಂಗಮೇಶ ಅದನ್ನು ನೋಡಿ ಬೋಟಿನ ಎರಡೂ ಬದಿಗೆ ಬರೆದ.

೪. ಬಲಬದಿ ಬಹಳ ಚಂದ. ಅಕ್ಷರಗಳು ಬೋಟಿನ ಮೂತಿಯ ಕಡೆಗೇ ಓಡುತ್ತಿದ್ದವು. ಎಡಬದಿಯಲ್ಲಿ ಮೂತಿ ಎಡಕ್ಕೆ, ಅಕ್ಷರ ಬಲಕ್ಕೆ. ಮರುದಿನ ಬೆಳಿಗ್ಗೆ ಸಮುದ್ರಪೂಜೆ.

"ಎಂತದು ಮಾರಾಯ!" ಧರ್ಮಪಾಲ ಕೂಗಿದ. "ಬೋಟು ಮುಂದೆ ಹೋಗುವಾಗ ನನ್ನ ಅಮ್ಮ ಹಿಂದೆ ಓಡುವುದಾ? ಅಪಶಕುನ ಅಲ್ವಾ? ಇದರಲ್ಲಿ ನಾನು ಕಾಲಿಡುವುದಿಲ್ಲ."

"ಅಳಿಸಿ ಆ ಕಡೆ ವಾಲಿಸಿ ಬರೀಲೇನ್ರಿ?" ಎಂದ ಸಂಗಮೇಶ.

"ಬೇಡ, ಅಕ್ಷರ ಅಂಗಾತ ಬಿದ್ದ ಹಾಗೆ ಕಾಣುತ್ತದೆ," ಎಂದೆ ನಾನು. (ತಪ್ಪು ನನ್ನದೇ ಓದುಗರೇ. ಆದರೆ ಫಾಂಟಿನ ಮರ್ಯಾದೆಯ ಪ್ರಶ್ನೆ.)

ಅಕ್ಕು ಬೋಟಿಗೆ ಒಂದು ಸುತ್ತು ಬಂದಳು. ಎಡಬದಿಗೆ ಬಂದು ನಿಂತಳು.

"ಇರಲಿ, ಅಳಿಸಬೇಡಿ. ಆ ಬದಿಯ ಅತ್ತೆ ಕಡಲಿಗೆ ಹೋಗ್ತಾರೆ. ಈ ಬದಿಯ ಅತ್ತೆಗೆ ಮನೆಗೆ ಬರುವ ಅವಸರ ಉಂಟು. ಒಬ್ಬರಿಗಾದರೂ ಮನೆಯ ನೆನಪು ಬೇಡವಾ?"

ಮರುದಿನ ಪೂಜೆ ಮುಗಿದದ್ದೇ ಧರ್ಮಪಾಲ ಅದೇ ಬೋಟು ಹತ್ತಿ ಕಡಲಿಗೆ ಹೋದ.

೫. ಮುಕ್ತಾಯ ಎರಡು ಉಂಟು. (ಅ) ಬೋಟು ತುಂಬ ಬಂಗುಡೆ ಮೀನು, ನನಗೆ ಒಂದು ಬುಟ್ಟಿ ಉಚಿತ. (ಆ) ಎಲ್ಲ ಬೋಟಿನವರೂ ನನ್ನ ಫಾಂಟನ್ನೇ ಕೇಳಿ ಬರುತ್ತಾರೆ.

"ಇದೆಂತ ಬರೆಯುವುದು ನೀವು?" ಅಕ್ಕು ಅಂಗಡಿಯೊಳಗೇ ಬಂದು ನಿಂತಿದ್ದಳು. "ಅವರು ನಿನ್ನೆ ಸಂಜೆ ಬರಬೇಕಿತ್ತು, ಇನ್ನೂ ಬರಲಿಲ್ಲ. ನೀವು ಇಲ್ಲಿ ಮೀನು ಹಂಚಿಯೂ ಆಯ್ತಾ?"

"ಕಥೆ ಅಲ್ವಾ ಅಕ್ಕುವಕ್ಕ, ಮುಗಿಸಬೇಕಲ್ಲ."

"ಮುಗಿಸಿ ನೀವು ಬಾಗಿಲು ಹಾಕಿ ಹೋಗ್ತೀರಿ. ನಾನು ಎಲ್ಲಿಗೆ ಹೋಗುವುದು? ಅವರು ಬರುವ ತನಕ ಮುಗಿಸ್ಲಿಕ್ಕಿಲ್ಲ."

ನನಗೆ ನಾಚಿಕೆಯಾಯಿತು. ಎರಡೂ ಮುಕ್ತಾಯ ಹರಿದೆ. ಅವಳು ಬಂದರಿಗೆ ಹೋದಳು, ಬೋಟು ಕಂಡ ಕೂಡಲೇ ಫೋನ್ ಮಾಡುತ್ತಾಳಂತೆ.

೬. ಫೋನಿನ ಹತ್ತಿರ ಕೂತಿದ್ದೇನೆ. ಇನ್ನೊಂದು ಸ್ಟೂಲ್ ಉಂಟು, ನೀವೂ ಸ್ವಲ್ಪ ಕೂತುಕೊಳ್ಳಿ.