ಅರ್ಧ ಬಾಟ್ಲಿ ಮದ್ದು

ಆ ದಿನ ಬೆಳಿಗ್ಗೆ ಗುಲ್ವಾಡಿಯ ಹೊಳೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆಚೆ ದಡದ ತೆಂಗಿನ ಮರಗಳು ತಲೆ ಮಾತ್ರ ತೋರಿಸಿಕೊಂಡು ನಿಂತಿದ್ದವು. ಅಂಥ ಥಂಡಿಯಲ್ಲೂ ಬೇಬಿಯಮ್ಮನ ಮಡಿಲಲ್ಲಿದ್ದ ಮೂರು ವರ್ಷದ ಮೊಮ್ಮಗಳು ಪ್ರಜ್ಞಾಳ ಮೈ ಒಲೆಯ ಕಲ್ಲಿನ ಹಾಗೆ ಕಾದಿತ್ತು. ಮೂಗು ಸೋರುತ್ತಿತ್ತು, ಕೆಮ್ಮೂ ಇತ್ತು. ದೀಪಾವಳಿ ಕಳೆದ ಮೇಲೆ ಇದು ಮೂರನೆಯ ಸಲ.

ಸೊಸೆ ರಮಿತಾ ಗೇರುಬೀಜದ ಫ್ಯಾಕ್ಟರಿಗೆ ಹೊರಟಿದ್ದಳು. ಆದರೆ ಕಾಲು ಮೆಟ್ಟಿಲು ಇಳಿಯಲಿಲ್ಲ.

"ಅತ್ತೆ, ನಾನ್ ಇವತ್ತ್ ಹೋತಿಲ್ಲೆ."

"ನೀನ್ ಹೋಯಿ ಬಾ. ಗುಲಾಬಿ ಮನೆ ಫ್ರಿಜ್ಜಂಗೆ ಮದ್ದ್ ಇತ್ತಂಬ್ರ್. ಎರಡ್ ಚಮಚ ಹೊಟ್ಟೆಗ್ ಹೋದ್ರೆ ಎದ್ದ್ ಓಡ್ತ್ ಇದ್."

ಆ ಕೇರಿಯಲ್ಲಿ ಮೊಸರಿಗೆ ಹೆಪ್ಪು ಮನೆಯಿಂದ ಮನೆಗೆ ಹೋಗುವುದು ಅಜ್ಜಿಯರ ಕಾಲದ ವಾಡಿಕೆ. ಮನೆ ಮನೆಗೆ ಫ್ರಿಜ್ ಬಂದ ಮೇಲೆ ಮಕ್ಕಳ ಆಂಟಿಬಯಾಟಿಕ್ ಬಾಟ್ಲಿಯೂ ಹಾಗೇ ಓಡಾಡತೊಡಗಿತ್ತು. ಪಕ್ಕದ ಮನೆಯ ಗುಲಾಬಿ ಸೆರಗಿನಡಿ ಹಿಡಿದು ತಂದ ಅರ್ಧ ಬಾಟ್ಲಿ ಅವಳ ಮೊಮ್ಮಗ ಪ್ರಥಮನದು.

ಬೇಬಿಯಮ್ಮ ಚಮಚಕ್ಕೆ ಮದ್ದು ಬಗ್ಗಿಸುವ ಹೊತ್ತಿಗೆ ಆಶಾ ಕಾರ್ಯಕರ್ತೆ ಹರಿಣಾಕ್ಷಿ ಅಂಗಳಕ್ಕೆ ಬಂದಳು.

"ಹ್ವಾಯ್ ಬೇಬಿಯಕ್ಕ, ಎಂತ ಅದ್ ಚಮಚದಂಗೆ?"

"ಮದ್ದ್. ಮತ್ತೆಂತ, ಪಾನಕವಾ?"

ಹರಿಣಾಕ್ಷಿ ಬಾಟ್ಲಿ ಇಸಕೊಂಡು ಬೆಳಕಿಗೆ ಹಿಡಿದಳು. "ಗುಲಾಬಿಯಕ್ಕ, ಈ ಪುಡಿಗೆ ನೀರ್ ಹಾಕಿದ್ದ್ ಯಾವಾಗ?"

"ತುಳಸಿ ಪೂಜೆ ಹೊತ್ತಿಗೆ. ಪ್ರಥಮನಿಗೆ ಕಿವಿ ನೋವಲ್ದಾ?"

"ತಿಂಗ್ಳ್ ಮೇಲಾಯ್ತಲ್ಲ ಮಾರಾಯ್ತಿ! ನೀರ್ ಬಿದ್ದ್ ಮೇಲೆ ಇದ್ರ ಆಯಸ್ಸ್ ಒಂದ್ ವಾರ, ಹೆಚ್ಚಂದ್ರೆ ಎರಡ್. ಡಾಕ್ಟ್ರ್ ಬರ್ದದ್ದ್ ಪೂರಾ ಕೊಟ್ಟಿದ್ರೆ ಉಳೂದ್ ಹ್ಯಾಂಗೆ?"

"ಮೂರ್ ದಿನಕ್ಕೇ ನೋವ್ ಹೋಯ್ತ್. ಚೆಲ್ಲೂಕ್ ಮನಸ್ಸ್ ಬರ್ಲಿಲ್ಲೆ," ಎಂದಳು ಗುಲಾಬಿ, ನೆಲ ನೋಡುತ್ತ.

ಬೇಬಿಯಮ್ಮನಿಗೆ ರೇಗಿತು. "ನೀ ಹೆದ್ರಿಸ್ಬೇಡ ಹರಿಣಾಕ್ಷಿ. ಹೋದ ಸಲವೂ ಇಂಥದ್ದೇ ಕೊಟ್ಟದ್ದ್. ಮೂರ್ ದಿನಕ್ಕೆ ಜ್ವರ ಬಿಡ್ಲಿಲ್ಯಾ?"

"ಶೀತದ ಜ್ವರ ಇದ್ ಕೊಟ್ರೂ ಮೂರ್ ದಿನ, ಕೊಡದಿದ್ರೂ ಮೂರ್ ದಿನ. ಹೆಸ್ರ್ ಮಾತ್ರ ಮದ್ದಿಗ್. ಅದಿರ್ಲಿ, ಆಮೇಲೆ ಹೊಟ್ಟೆಗೆಂತ ಆಯ್ತ್?"

ಬೇಬಿಯಮ್ಮ ಮಗುವಿನ ಮೂಗು ಒರೆಸತೊಡಗಿದರು. ರಮಿತಾಳೇ ಹೇಳಿದಳು: "ಒಂದ್ ವಾರ ಭೇದಿ. ಅತ್ತೆ ದೃಷ್ಟಿ ತೆಗ್ದ್ರ್."

"ಆ ದೃಷ್ಟಿ ಬಾಟ್ಲಿಯದ್ದೇ ಆಯಿಕ್. ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಲ್ಲತ್ತ್ ಇದ್."

ಹರಿಣಾಕ್ಷಿ ಮಗುವಿನ ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಇಡೀ ಒಂದು ನಿಮಿಷ ಉಸಿರು ಎಣಿಸಿದಳು. "ಉಸಿರ್ ಸಮ ಇತ್ತ್. ಪಕ್ಕೆ ಒಳಗ್ ಸೇದ್ತಿಲ್ಲೆ. ಆದ್ರೂ ಡಾಕ್ಟ್ರ್ ಒಂದ್ ಸಲ ಕಾಣ್ಲಿ."

"ಹಂಗಾರೆ ವರ್ಷಕ್ಕೆ ಎಷ್ಟ್ ಸಲ ಕೊಡ್ಲಕ್ಕ್ ಈ ಮದ್ದ್? ಅದ್ನಾರೂ ಹೇಳ್," ಎಂದರು ಬೇಬಿಯಮ್ಮ.

"ದೇವಸ್ಥಾನದಂಗೆ ಪಾತ್ರಿಯವ್ರ ಮೈಮೇಲೆ ದೇವ್ರ್ ಬಪ್ಪ ದರ್ಶನ ಇತ್ತಲ್ದಾ, ವರ್ಷಕ್ಕೆಷ್ಟ್ ಸಲ ಕೇಳ್ತ್ರಿ?"

"ಅದ್ಕೆ ಲೆಕ್ಕ ಎಲ್ಲಿತ್ತ್? ದೊಡ್ಡ ಕಷ್ಟ ಬಂದ್ರೆ ಕೇಳುದ್."

"ಮನೆ ಸೌಟ್ ಕಾಣ್ತಿಲ್ಲೆ ಅಂದ್ ಕೇಳ್ತ್ರ್ಯಾ?"

ಗುಲಾಬಿ ಕಿಸಕ್ಕನೆ ನಕ್ಕಳು. "ಸೌಟಿಗ್ ದೇವ್ರನ್ನ ಎಬ್ಬಿಸಿದ್ರೆ ಆ ಸೌಟಂಗೇ ನಮ್ಗ್ ಪೆಟ್ಟ್ ಬೀಳ್ತ್!"

"ಇದೂ ಹಂಗೇ. ಲೆಕ್ಕ ಇಲ್ಲೆ. ಡಾಕ್ಟ್ರ್ ಕಂಡ್ ಬೇಕ್ ಅಂದ್ರೆ ಕೊಡ್ಕ್, ಹೇಳಿದಷ್ಟ್ ದಿನ ಪೂರಾ ಕೊಡ್ಕ್. ಬೇಡದ ಹೊತ್ತಿಗ್ ಒಂದ್ ಚಮಚವೂ ಕೊಡೂಕಾಗ. ಶೀತ ವೈರಸ್ಸಿಂದ ಬಪ್ಪುದ್, ಅದ್ಕೆ ಈ ಮದ್ದ್ ತಾಗುದೇ ಇಲ್ಲೆ. ಸುಮ್ನೆ ಕೊಡ್ತಾ ಹೋದ್ರೆ ಬ್ಯಾಕ್ಟೀರಿಯಾಕ್ಕೆ ಇದ್ರ ಗುರ್ತ ಸಿಕ್ತ್, ಮತ್ತೆ ಇದ್ಕೆ ಅದ್ ಸಾಯುದಿಲ್ಲೆ. ನಾಳೆ ಈ ಹೆಣ್ಣಿಗೆ ನ್ಯುಮೋನಿಯಾ ಬಂದ್ರೆ ಆಗ ಎಂತ ಕೊಡ್ತ್ರಿ ಬೇಬಿಯಕ್ಕ?"

ಬೇಬಿಯಮ್ಮ ಮಗುವಿನ ಮುಖ ನೋಡಿದರು. ಆಮೇಲೆ ಚಮಚವನ್ನು ಕೆಳಗಿಟ್ಟು, ಬಾಟ್ಲಿಯನ್ನು ಕಪಾಟಿನ ಮೇಲಿಟ್ಟರು. "ರಮಿತಾ, ರಿಕ್ಷಾ ಕರಿ. ನಾನೂ ಬತ್ತೆ."

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಕಿವಿ, ಗಂಟಲು, ಎದೆ ಎಲ್ಲ ಪರೀಕ್ಷಿಸಿದರು. ಬರಿಯ ಶೀತ. ತೂಕ ನೋಡಿ ಜ್ವರದ ಸಿರಪ್ ಬರೆದರು. ಗಂಜಿ ತಿಳಿ, ನೀರು ಆಗಾಗ ಕೊಡಿ ಎಂದರು. ಆಂಟಿಬಯಾಟಿಕ್ ಬೇಡ. "ಆದರೆ ಉಸಿರು ಜೋರಾದರೆ, ಏನೂ ಕುಡಿಯದೆ ಮಂಪರಾಗಿ ಬಿದ್ದರೆ, ಫಿಟ್ಸ್ ಬಂದರೆ ಒಂದು ಕ್ಷಣ ಕಾಯಬೇಡಿ. ಮೂರು ದಿನ ದಾಟಿಯೂ ಜ್ವರ ಇದ್ದರೆ ಮತ್ತೆ ಕರೆದುಕೊಂಡು ಬನ್ನಿ."

ಮರುದಿನ ಸಂಜೆ ಮೈ ಮತ್ತೆ ಸುಟ್ಟಿತು. ಬೇಬಿಯಮ್ಮನ ಕಣ್ಣು ಕಪಾಟಿನ ಮೇಲಿದ್ದ ಬಾಟ್ಲಿಯ ಕಡೆ ಹೋಯಿತು. ಹೋದ ಕಣ್ಣನ್ನು ಹಿಂದಕ್ಕೆ ಎಳೆದುಕೊಂಡು, ದೇವರ ಹೆಸರು ಹೇಳುತ್ತ, ಸಿರಪ್ ಕೊಟ್ಟು, ಹರಿಣಾಕ್ಷಿ ಮಾಡಿದ ಹಾಗೆ ಉಸಿರು ಎಣಿಸುತ್ತ ಕುಳಿತರು. ಉಸಿರು ಸಮನಾಗಿಯೇ ಇತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಪ್ರಜ್ಞಾ ಎದ್ದವಳೇ ಕೂಗಿದಳು: "ಅಜ್ಜಿ, ಗಂಜಿ ಬ್ಯಾಡ. ನೀರ್‌ದೋಸೆ!"

"ಕಂಡ್ಯಾ ರಮಿತಾ? ಆ ಮದ್ದಿಲ್ದೆ ಜ್ವರ ಹೋಯ್ತಲ್ಲೆ!" ಬೇಬಿಯಮ್ಮನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ದೋಸೆ ಹುಯ್ದಿಟ್ಟು, ಬಾಟ್ಲಿ ಹಿಡಿದು ಗುಲಾಬಿಯ ಮನೆಗೆ ನಡೆದರು. ಅದನ್ನು ಅವಳ ಕೈಯಲ್ಲಿ ಇಟ್ಟರು. ಗುಲಾಬಿ ಅದನ್ನು ಫ್ರಿಜ್ಜಿಗೆ ಇಡಲಿಲ್ಲ. ಎಲ್ಲಿ ಬಿಸಾಡುವುದೆಂದು ಕೇಳಲು ಹರಿಣಾಕ್ಷಿಯ ಮನೆಗೆ ಹೊರಟಳು.

ಅಕ್ಕ ತಂಗಿಯರೇ, ಇದನ್ನು ಓದಿ ಮುಗಿಸಿ ಒಮ್ಮೆ ನಿಮ್ಮ ಫ್ರಿಜ್ಜಿನ ಬಾಗಿಲು ತೆರೆದು ನೋಡಿ. ಅಲ್ಲಿ ಉಳಿದ ಆಂಟಿಬಯಾಟಿಕ್ ಇದ್ದರೆ ನಿಮ್ಮ ಮಗುವಿಗೂ ಬೇಡ, ನೆರೆಮನೆಯ ಮಗುವಿಗೂ ಬೇಡ. ಬರೆದುಕೊಡಿ ಎಂದು ಡಾಕ್ಟರನ್ನು ಪೀಡಿಸಬೇಡಿ, ಚೀಟಿ ಇಲ್ಲದೆ ಅಂಗಡಿಯಲ್ಲಿ ಕೇಳಬೇಡಿ. ಡಾಕ್ಟರೇ ಬೇಕೆಂದಾಗ ಹೆದರಲೂ ಬೇಡಿ, ನಡುವೆ ನಿಲ್ಲಿಸಲೂ ಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರಂತೂ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಮಕ್ಕಳನ್ನು ಕಾಯುವವನು ಮೇಲಿದ್ದಾನೆ, ನಿಜ. ಅವನು ಮದ್ದಿನಲ್ಲಿಟ್ಟ ಬಲವನ್ನು ಕಾಯುವ ಕೆಲಸ ನಮ್ಮದು.